ಸಿಂಗಾಪುರದ ಹಾಕರ್ ಸೆಂಟರ್‌ನಲ್ಲಿ ನಾವು ತಿನ್ನಬಹುದಾ?

ಪ್ರಶ್ನೆ: ಮಗ-ಸೊಸೆ ಸಿಂಗಾಪುರದಲ್ಲಿದ್ದಾರೆ. ಮುಂದಿನ ತಿಂಗಳು ನಾನು ಮತ್ತು ನಮ್ಮ ಯಜಮಾನರು ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬರುತ್ತೇವೆ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಯಜಮಾನರಿಗೆ 68 ವರ್ಷ, ಶುಗರ್ ಮತ್ತು ಬಿಪಿ ಎರಡೂ ಇವೆ. ಹೋದ ಸಲ ಹೋಗಿದ್ದಾಗ ಒಂದು ದಿನ ಬೆಳಿಗ್ಗೆ 7 ಗಂಟೆಗೆ ತರಕಾರಿ ಪಲಾವ್ ಮಾಡಿ, ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿಕೊಂಡು ಝೂಗೆ ಹೋಗಿದ್ದೆವು. ಮಧ್ಯಾಹ್ನ 3 ಗಂಟೆಗೆ ಅದನ್ನು ತಿಂದೆವು. ಸಂಜೆ ಏಳೂವರೆಗೆ ಮನೆ ಹತ್ತಿರದ, ಸಣ್ಣ ಸಣ್ಣ ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ನಲ್ಲಿ ತರಕಾರಿ ನೂಡಲ್ಸ್ ತಿಂದೆವು. ಎಂಟೂಕಾಲಿಗೆಲ್ಲ ಯಜಮಾನರಿಗೆ ವಾಂತಿ ಶುರುವಾಯಿತು. ನನಗೂ ಹೊಟ್ಟೆ ತೊಳಸಿತು. ಅವತ್ತಿನಿಂದ ಆ ಜಾಗ ಅಂದರೆ ಭಯ. ಏಸಿ ರೆಸ್ಟೋರೆಂಟಿಗೇ ಹೋಗೋಣ ಅನ್ನುತ್ತಾಳೆ ಸೊಸೆ. ಇಲ್ಲಿ ಎಲ್ಲ ಕ್ಲೀನ್ ಅಮ್ಮಾ ಅನ್ನುತ್ತಾನೆ ಮಗ. ಎಲ್ಲದಕ್ಕೂ ಅಜಿನೊಮೊಟೊ ಹಾಕುತ್ತಾರಂತೆ, ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಹುರಿಯುತ್ತಾರಂತೆ. ಜೊತೆಗೆ ಮೂರು ವರ್ಷದ ಮೊಮ್ಮಗ ಬೇರೆ ಇರುತ್ತಾನೆ. ನಾವು ಹೊರಗೆ ತಿನ್ನಲೇಬಾರದಾ? ಡಬ್ಬಿ ಕಟ್ಟಿಕೊಂಡು ಓಡಾಡುವುದೇ ಒಳ್ಳೆಯದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಒಟ್ಟಿಗೆ ಸೇರಿಕೊಂಡಿವೆ. ಹೊಟ್ಟೆ ಕೆಡುತ್ತದೆ ಅನ್ನುವುದು ಒಂದು. ಗೊತ್ತಿಲ್ಲದೆ ಮೀನು, ಮಾಂಸ ಬಾಯಿಗೆ ಹೋದೀತು ಅನ್ನುವುದು ಇನ್ನೊಂದು. ಯಜಮಾನರ ಬಿಪಿ, ಶುಗರ್ ಏರುತ್ತದೆ ಅನ್ನುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ ಬೇರೆ, ಉಪಾಯವೂ ಬೇರೆ ಬೇರೆ. ಅಡುಗೆಮನೆಗಳ ಹಿಂಬಾಗಿಲಿನಿಂದ ಒಳಗೆ ಹೋಗಿ ನೋಡುವುದೇ ನನ್ನ ಉದ್ಯೋಗ. ಆ ಅನುಭವದಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಎಲ್ಲಿ ತಿಂದಿರಿ ಅನ್ನುವುದಕ್ಕಿಂತ, ಆ ಅಡುಗೆ ಬೆಂದು ಎಷ್ಟು ಹೊತ್ತಾಗಿತ್ತು ಅನ್ನುವುದು ಮುಖ್ಯ.

ಮೊದಲು ಆ ರಾತ್ರಿಯ ವಿಷಯಕ್ಕೆ ಬರೋಣ. ಹೊಟ್ಟೆ ಕೆಟ್ಟ ಕೂಡಲೇ ನಾವೆಲ್ಲರೂ ಕೊನೆಗೆ ತಿಂದದ್ದನ್ನೇ ಬೈಯುತ್ತೇವೆ. ಅದು ಸಹಜ. ಆದರೆ ಬಹಳಷ್ಟು ಸಲ ತಪ್ಪು ಅದಕ್ಕಿಂತ ಹಿಂದಿನ ಊಟದ್ದು. ಸಾಲ್ಮೊನೆಲ್ಲ ಅನ್ನುವ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೆ ಲಕ್ಷಣ ಕಾಣಿಸಿಕೊಳ್ಳಲು ಬೇಗ ಅಂದರೂ ಸುಮಾರು 6 ಗಂಟೆ ಬೇಕು, ಕೆಲವರಿಗೆ ಕೆಲವು ದಿನಗಳೇ ಹಿಡಿಯುತ್ತವೆ. ನೊರೊವೈರಸ್ ಆದರೆ 12ರಿಂದ 48 ಗಂಟೆ. ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟು ನಿಧಾನಕ್ಕೆ ಆರಿದ ಸಾರು, ಗೊಜ್ಜುಗಳಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಆದರೆ 6ರಿಂದ 24 ಗಂಟೆ. ತಿಂದ ಮುಕ್ಕಾಲು ಗಂಟೆಗೇ ವಾಂತಿ ಬರಿಸುವುದು ಅಪರೂಪ. ಆಹಾರದಲ್ಲಿ ಮೊದಲೇ ವಿಷ ಕಟ್ಟಿಕೊಂಡಿದ್ದರೆ ಮಾತ್ರ ಹಾಗಾಗಬಹುದು. ಕಣ್ಣೆದುರೇ ಹುರಿದು ಕೊಟ್ಟ ನೂಡಲ್ಸ್‌ನಲ್ಲಿ ಅದರ ಸಾಧ್ಯತೆ ಕಡಿಮೆ.

ನಿಮ್ಮ ಪಲಾವ್ ಕಡೆ ನೋಡಿ. ಬೆಳಿಗ್ಗೆ 7ಕ್ಕೆ ಬೆಂದದ್ದು, ಮಧ್ಯಾಹ್ನ 3ರವರೆಗೆ ಡಬ್ಬಿಯಲ್ಲಿ ಇತ್ತು. ಸಿಂಗಾಪುರದಲ್ಲಿ ಹಗಲಿನ ಬಿಸಿಲು ವರ್ಷವಿಡೀ 31-32 ಡಿಗ್ರಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದಿಸಿದರೆ ಅವು ಸಾಯುವುದಿಲ್ಲ. ಬಿಸಿ ಅನ್ನವನ್ನು ಮುಚ್ಚಿಟ್ಟಾಗ ಅದು ಬೇಗ ತಣ್ಣಗಾಗುವುದಿಲ್ಲ, ಪೂರ್ತಿ ಬಿಸಿಯಾಗಿಯೂ ಉಳಿಯುವುದಿಲ್ಲ. ಆ ಉಗುರುಬೆಚ್ಚಗಿನ ಹೊತ್ತಿನಲ್ಲಿ ಬೀಜಕಣಗಳು ಎದ್ದು, ಬೆಳೆದು, ಒಂದು ವಿಷವನ್ನು ಬಿಡುತ್ತವೆ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಬರುತ್ತದೆ. ಯಜಮಾನರಿಗೆ ಬಂದದ್ದು ಪಲಾವ್ ತಿಂದು ಐದೂಕಾಲು ಗಂಟೆಯಾದ ಮೇಲೆ, ಅಲ್ವಾ? ಪರೀಕ್ಷೆ ಮಾಡಿಸದೆ ಇದೇ ಕಾರಣ ಎಂದು ತೀರ್ಪು ಕೊಡಲಾಗದು. ಆದರೆ ನನ್ನನ್ನು ಕೇಳಿದರೆ ಮೊದಲ ಅನುಮಾನ ಪಲಾವ್ ಮೇಲೆ, ನೂಡಲ್ಸ್ ಮೇಲೆ ಅಲ್ಲ.

ಇದನ್ನು ಓದಿ ನಿಮ್ಮ ಕೈಯಡುಗೆಯನ್ನು ದೂರಿದೆ ಎಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ಎಂಟು ಗಂಟೆ ಹೊತ್ತು ಮತ್ತು ಆ ಬಿಸಿಲು, ಎರಡೇ ಸಾಕಾಗಿತ್ತು. ಇನ್ನೊಂದು ವಿಷಯ: ಹೀಗೆ ಇಟ್ಟ ಅನ್ನವನ್ನು ಮತ್ತೆ ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಆ ವಿಷ ಬಿಸಿಗೆ ಜಗ್ಗುವುದಿಲ್ಲ. ಕುದಿಸಿದರೂ ಹಾಗೇ ಇರುತ್ತದೆ. ಹಾಗಾಗಿ ಡಬ್ಬಿ ಕಟ್ಟಿಕೊಂಡು ಓಡಾಡುವುದೇ ಸುರಕ್ಷಿತ ಅನ್ನುವ ಲೆಕ್ಕ ಸಿಂಗಾಪುರದ ಹವೆಗೆ ಸರಿಹೊಂದುವುದಿಲ್ಲ. ಡಬ್ಬಿ ಬೇಕೇ ಬೇಕಾದರೆ ಬ್ರೆಡ್ಡು, ಖಾಖ್ರಾ, ಒಣ ಚಟ್ನಿಪುಡಿ ಹಾಕಿದ ಚಪಾತಿ, ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ ಇಂಥವನ್ನು ಇಟ್ಟುಕೊಳ್ಳಿ. ಅನ್ನದ ಐಟಂ ಒಯ್ದರೆ ಬೆಂದ 4 ಗಂಟೆಯೊಳಗೆ ತಿಂದು ಮುಗಿಸಿ. ಉಳಿದರೆ ಸಂಕಟಪಡದೆ ಎಸೆಯಿರಿ.

ಈ 4 ಗಂಟೆ ನಾನು ಸುಮ್ನೆ ಹೇಳುತ್ತಿರುವುದಲ್ಲ. 5 ಡಿಗ್ರಿಗಿಂತ ಜಾಸ್ತಿ, 60 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹಿತವಾದ ಬಿಸಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಸಿಂಗಾಪುರದಲ್ಲಿ ಕೇಟರಿಂಗ್‌ನವರು ಕಳಿಸುವ ಊಟವನ್ನೂ ಬೆಂದ 4 ಗಂಟೆಯೊಳಗೆ ತಿನ್ನಬೇಕು ಎಂದೇ ಹೇಳುತ್ತಾರೆ.

ಈಗ ಹಾಕರ್ ಸೆಂಟರ್ ಕಡೆಗೆ ಬರೋಣ. ಹಾಕರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಚರಂಡಿ ಪಕ್ಕದ ತಳ್ಳುಗಾಡಿ, ಒಂದು ಬಕೆಟ್ ನೀರಿನಲ್ಲೇ ಎಲ್ಲ ತಟ್ಟೆ ತೊಳೆಯುವುದು. ಸಿಂಗಾಪುರದಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. 1968-69ರಲ್ಲಿ ಸರ್ಕಾರ ಬೀದಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿತು. 1971ರಿಂದ 1986ರ ನಡುವೆ ಅವರಿಗಾಗಿಯೇ ಕಟ್ಟಡಗಳನ್ನು ಕಟ್ಟಿ, ನಲ್ಲಿ ನೀರು, ಚರಂಡಿ, ಶೌಚಾಲಯ ಕೊಟ್ಟು ಒಳಗೆ ಕೂರಿಸಿತು. ಇವತ್ತು ಅಂಥ 110ಕ್ಕೂ ಹೆಚ್ಚು ಸೆಂಟರ್‌ಗಳಿವೆ. ಪ್ರತಿ ಅಂಗಡಿಗೂ ಲೈಸೆನ್ಸ್ ಇರುತ್ತದೆ, ಅಡುಗೆ ಮಾಡುವವರು ಆಹಾರ ಸುರಕ್ಷತೆಯ ತರಬೇತಿ ಪಡೆದಿರಬೇಕು. ಸ್ವಚ್ಛತೆಗಾಗಿ ಇಡೀ ಸೆಂಟರನ್ನು ಆಗಾಗ ಮುಚ್ಚುತ್ತಾರೆ. ಹೋಗಿ ಬಾಗಿಲು ಹಾಕಿದ್ದು ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಈ ಹಾಕರ್ ಸಂಸ್ಕೃತಿ 2020ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಅದಕ್ಕೂ ಮೊದಲು, 2016ರಲ್ಲಿ, ಅಲ್ಲಿನ ಎರಡು ಹಾಕರ್ ಅಂಗಡಿಗಳಿಗೆ ಒಳ್ಳೆಯ ಅಡುಗೆಗೆ ಕೊಡುವ ಹೆಸರಾಂತ ಗೌರವವಾದ ಮಿಶೆಲಿನ್ ಸ್ಟಾರ್ ಸಿಕ್ಕಿತ್ತು.

ಹಾಗಂತ ನಿಮ್ಮ ಮಗ ಹೇಳಿದ್ದು ಪೂರ್ತಿ ಸರಿ ಎಂದೂ ನಾನು ಹೇಳುವುದಿಲ್ಲ. 2009ರ ಏಪ್ರಿಲ್‌ನಲ್ಲಿ ಗೇಲಾಂಗ್ ಸೆರಾಯ್ ಮಾರುಕಟ್ಟೆಯ ಒಂದು ಅಂಗಡಿಯ ಇಂಡಿಯನ್ ರೋಜಾಕ್ (ಕರಿದ ವಡೆಯಂಥವನ್ನು ಸಾಸ್ ಜೊತೆ ಕೊಡುವ ತಿಂಡಿ) ತಿಂದು 150ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಹಸಿ ಸಮುದ್ರಾಹಾರದಲ್ಲಿರುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಬೆಂದ ತಿಂಡಿಗೆ ದಾಟಿತ್ತು. ಸೊಸೆಗೂ ಒಂದು ಉದಾಹರಣೆ ಕೊಡಬೇಕು. 2018ರ ನವೆಂಬರ್‌ನಲ್ಲಿ ಒಂದು ರೆಸ್ಟೋರೆಂಟ್ ಕಳಿಸಿದ ಬೆಂಟೊ ಡಬ್ಬಿ ಊಟ ತಿಂದ ಒಬ್ಬರು ಸತ್ತರು. ಆ ರೆಸ್ಟೋರೆಂಟಿನ ಊಟದಿಂದ ಸುಮಾರು 80 ಜನಕ್ಕೆ ಹೊಟ್ಟೆ ಕೆಟ್ಟಿತ್ತು. ಅಲ್ಲಿ ಸಾಲ್ಮೊನೆಲ್ಲ ಸಿಕ್ಕಿತು. ಒಂದು ಮಾರುಕಟ್ಟೆಯ ಅಂಗಡಿ, ಇನ್ನೊಂದು ರೆಸ್ಟೋರೆಂಟು. ಬೇಯಿಸಿದ ಮೇಲೆ ಕೊಳೆ ಸೇರದಂತೆ ನೋಡಿಕೊಳ್ಳದಿದ್ದರೆ ಎರಡೂ ಒಂದೇ.

ಏಸಿ, ಮೆತ್ತನೆ ಕುರ್ಚಿ, ಬಿಳಿ ತಟ್ಟೆ ಇವು ಅಡುಗೆಮನೆಯ ಬಗ್ಗೆ ಏನೂ ಹೇಳುವುದಿಲ್ಲ. ರೆಸ್ಟೋರೆಂಟಿನಲ್ಲಿ ಅಡುಗೆಮನೆ ನಮಗೆ ಕಾಣುವುದೂ ಇಲ್ಲ. ಮೆನು ಉದ್ದವಾದಷ್ಟೂ ಫ್ರಿಜ್ಜಿನಲ್ಲಿ ಇಡುವ ಸಾಮಾನು ಜಾಸ್ತಿ. ಅರ್ಧ ಬೇಯಿಸಿಟ್ಟು ಆಮೇಲೆ ಬಿಸಿ ಮಾಡಿ ಕೊಡುವುದೂ ಜಾಸ್ತಿ. ಹಾಕರ್ ಅಂಗಡಿಯವರು ಒಂದೆರಡು ಐಟಂ ಮಾತ್ರ ಮಾಡುತ್ತಾರೆ, ಅದನ್ನೇ ದಿನವಿಡೀ ಮಾಡುತ್ತಾರೆ. ಚೆನ್ನಾಗಿ ಓಡುವ ಅಂಗಡಿಯಲ್ಲಿ ಸಾಮಾನು ನಿಂತುಕೊಳ್ಳುವುದೇ ಇಲ್ಲ. ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಅನುಮಾನದಿಂದ ನೋಡುವುದು ಬಫೆಯನ್ನು. ಸಣ್ಣ ದೀಪದ ಮೇಲೆ ಗಂಟೆಗಟ್ಟಲೆ ಕೂತ ಪಾತ್ರೆಗಳು, ನೂರು ಕೈ ಮುಟ್ಟಿದ ಸೌಟುಗಳು. ಯಜಮಾನರ ವಯಸ್ಸಿಗೆ ಅದನ್ನು ಬಿಟ್ಟರೆ ಒಳ್ಳೆಯದು.

ಒಂದು ನೂಡಲ್ಸ್ ಅಂಗಡಿಯನ್ನು ಹತ್ತಿರ ನಿಂತು ನೋಡಿ. ಕಬ್ಬಿಣದ ದೊಡ್ಡ ಬಾಣಲೆ, ಅಂಚಿನವರೆಗೂ ಏರುವ ಉರಿ. ಎಣ್ಣೆ ಹೊಗೆಯಾಡುವಾಗ ನೂಡಲ್ಸ್ ಬೀಳುತ್ತದೆ, ಸೋಯಾ ಸಾಸ್ ಬೀಳುತ್ತದೆ, ಎರಡು ಮೂರು ನಿಮಿಷದಲ್ಲಿ ತಟ್ಟೆಗೆ ಬರುತ್ತದೆ. ಆ ಉರಿಯಲ್ಲಿ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ. ನಾನು ನೋಡುವುದು ಬಾಣಲೆಯ ಪಕ್ಕದಲ್ಲಿ ಏನಿದೆ ಎಂದು. ಕೊನೇ ಕ್ಷಣಕ್ಕೆ ಮೇಲೆ ಉದುರಿಸುವ ಹಸಿ ಮೊಳಕೆ ಕಾಳು, ಬೆಳಿಗ್ಗೆ ಹೆಚ್ಚಿಟ್ಟ ಕೊತ್ತಂಬರಿ, ಯಾರು ಬೇಕಾದರೂ ಚಮಚ ಹಾಕುವ ಸಂಬಾಲ್ ಅನ್ನುವ ಮೆಣಸಿನಕಾಯಿ ಚಟ್ನಿಯ ಡಬ್ಬಿ, ನೆನೆಸಿಟ್ಟ ಮೆಣಸಿನಕಾಯಿ. ಹಸಿ ಮೊಳಕೆ ಕಾಳು ಪೌಷ್ಟಿಕ ಹೌದು. ಆದರೆ ಅದು ಮೊಳೆಯುವ ಬಿಸಿ ಮತ್ತು ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಹುಲುಸಾಗಿ ಬೆಳೆಯುತ್ತದೆ. ಬಾಣಲೆಯಲ್ಲೇ ಬಾಡಿಸಿ ಕೊಡಿ ಎಂದು ಕೇಳಿ, ಕೊಡುತ್ತಾರೆ. ಇನ್ನು ಕೈಗವಸು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಗವಸು ಹಾಕಿದ ಕೈಯಲ್ಲೇ ದುಡ್ಡು ಎಣಿಸಿ, ಅದೇ ಕೈಯಲ್ಲಿ ಸೌತೆಕಾಯಿ ಹೋಳು ಜೋಡಿಸಿದರೆ ಗವಸು ಇದ್ದೂ ಇಲ್ಲದಂತೆ. ಒಬ್ಬರು ದುಡ್ಡು ತೆಗೆದುಕೊಂಡು ಇನ್ನೊಬ್ಬರು ಬಡಿಸುವ ಅಂಗಡಿ ನನಗೆ ಇಷ್ಟ.

ಅಂಗಡಿಯ ಮುಂದೆ ಅದರ ಸ್ವಚ್ಛತೆ, ಸುರಕ್ಷತೆಗೆ ಸಿಕ್ಕ ದರ್ಜೆಯನ್ನು ಎ, ಬಿ, ಸಿ ಅಂತ ಅಕ್ಷರದಲ್ಲಿ ಅಂಟಿಸಿರುತ್ತಾರೆ. 1997ರಲ್ಲಿ ಶುರುವಾದ ಪದ್ಧತಿ ಅದು, ಈಚೆಗೆ ಅದರ ಲೆಕ್ಕ ಬದಲಾಗಿದೆ. ಮೊದಲು ಹೆಚ್ಚಾಗಿ ತಪಾಸಣೆಯ ದಿನದ ಸ್ಥಿತಿ ನೋಡಿ ಅಂಕ ಕೊಡುತ್ತಿದ್ದರು. ಈಗ ಅಂಗಡಿಯ ಹಿಂದಿನ ದಾಖಲೆಯನ್ನೂ ನೋಡುತ್ತಾರೆ. ಈ ಕೆಲಸ 2019ರಲ್ಲಿ ಆರಂಭವಾದ ಸಿಂಗಾಪುರ ಫುಡ್ ಏಜೆನ್ಸಿಯದು. ಆ ಅಕ್ಷರ ಉಪಯೋಗದ್ದೇ, ನೋಡಿಕೊಳ್ಳಿ. ಆದರೆ ಈ ಹೊತ್ತು ಆ ಪಾತ್ರೆಯಲ್ಲಿರುವ ಪಲ್ಯ ಯಾವಾಗ ಬೆಂದದ್ದು ಎಂದು ಅದು ಹೇಳುವುದಿಲ್ಲ. ಅದನ್ನು ನೀವೇ ನೋಡಬೇಕು.

ಅದಕ್ಕೇ ಹೋಗುವ ಹೊತ್ತು ಮುಖ್ಯ. ಅಲ್ಲಿ ಎಕಾನಮಿ ರೈಸ್ ಅಂತ ಅಂಗಡಿಗಳಿರುತ್ತವೆ. ಗಾಜಿನ ಹಿಂದೆ ಹತ್ತಿಪ್ಪತ್ತು ಟ್ರೇ ಪಲ್ಯ ಜೋಡಿಸಿಟ್ಟು, ಬೇಕಾದ್ದನ್ನು ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಬೆಳಿಗ್ಗೆ 11ರಿಂದ 12ರೊಳಗೆ ಹೋದರೆ ಎಲ್ಲ ಆಗತಾನೇ ಇಳಿಸಿದ್ದು. 3 ಗಂಟೆಗೆ ಹೋದರೆ ಅದೇ ಟ್ರೇ, ಅದೇ ಪಲ್ಯ, ಮೇಲೆ ಒಣಗಿದ ಪದರ. ಸಂಜೆ 6ರಿಂದ ಏಳೂವರೆ ಮತ್ತೆ ಒಳ್ಳೆಯ ಹೊತ್ತು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾದರೆ, ಕೇಳಿದ ಮೇಲೆ ಮಾಡಿಕೊಡುವಂಥದ್ದನ್ನು ಮಾತ್ರ ತೆಗೆದುಕೊಳ್ಳಿ.

ನೀರಿನ ಬಗ್ಗೆ ಚಿಂತೆ ಬೇಡ. ಸಿಂಗಾಪುರದ ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು. ಐಸ್ ಕೂಡ ದೊಡ್ಡ ಅಪಾಯ ಅಲ್ಲ. ಮೊಮ್ಮಗನಿಗೆ ಮಾತ್ರ ಐಸ್ ಇಲ್ಲದ್ದನ್ನೇ ಕೊಡಿಸಿ, ಅದನ್ನು ಎತ್ತಿ ಹಾಕುವ ಕೈ ನಮಗೆ ಗೊತ್ತಿಲ್ಲ. ಹೆಚ್ಚಿಟ್ಟ ಹಣ್ಣಿನ ಬದಲು ಇಡೀ ಹಣ್ಣು ತಂದು ಮನೆಯಲ್ಲಿ ಕತ್ತರಿಸಿ. ಮೇಜನ್ನು ಒರೆಸುವ ಬಟ್ಟೆ ಹತ್ತು ಮೇಜು ಸುತ್ತಿ ಬಂದಿರುತ್ತದೆ, ಮಗು ಮೇಜು ಮುಟ್ಟಿ ಬಾಯಿಗೆ ಬೆರಳಿಡುತ್ತದೆ. ಒದ್ದೆ ಟಿಶ್ಯೂ ಇಟ್ಟುಕೊಳ್ಳಿ, ಊಟಕ್ಕೆ ಮೊದಲು ಬೇಸಿನ್‌ನಲ್ಲಿ ಸೋಪು ಹಾಕಿ ಕೈ ತೊಳೆಸಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಅಲ್ಲಿ ಕೂರಬೇಡಿ, ಯಾರೋ ಜಾಗ ಹಿಡಿದಿದ್ದಾರೆ ಅಂತ ಅರ್ಥ. ತಿಂದ ಮೇಲೆ ಟ್ರೇ, ತಟ್ಟೆ ನೀವೇ ವಾಪಸ್ ಇಡಬೇಕು. 2021ರ ಸೆಪ್ಟೆಂಬರ್‌ನಿಂದ ಅದು ಕಡ್ಡಾಯ, ಎಚ್ಚರಿಸಿದ ಮೇಲೂ ಬಿಟ್ಟು ಹೋದರೆ ದಂಡ ಬೀಳುತ್ತದೆ.

ಎರಡನೇ ಭಯದ ಬಗ್ಗೆ ನಾನು ನಿಮ್ಮ ಪರ. ಇಲ್ಲಿ ಮೋಸ ಮಾಡುವವರು ಯಾರೂ ಇಲ್ಲ, ಆದರೆ ತಪ್ಪು ತಿಳಿವಳಿಕೆಗೆ ಬಹಳ ಜಾಗ ಇದೆ. ಸಸ್ಯಾಹಾರಿ ಅಂದರೆ ಮಾಂಸದ ತುಂಡು ಹಾಕದಿದ್ದರೆ ಸಾಕು ಎಂದು ತಿಳಿದವರು ಸಿಗುತ್ತಾರೆ. ಸಂಬಾಲ್‌ನಲ್ಲಿ ಬೆಲಾಚಾನ್ ಇರುತ್ತದೆ, ಅದು ಸಿಗಡಿಯನ್ನು ಹುದುಗಿಸಿ ಮಾಡಿದ ಪೇಸ್ಟ್. ನಾಸಿ ಲೆಮಾಕ್ ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ನೋಡಿದರೆ ನಮ್ಮ ಕಾಯಿ ಹಾಲಿನ ಅನ್ನದ ಥರವೇ, ಆದರೆ ಪಕ್ಕದಲ್ಲಿ ಇಕಾನ್ ಬಿಲಿಸ್ ಅನ್ನುವ ಸಣ್ಣ ಒಣಮೀನು, ಮೇಲೆ ಸಂಬಾಲ್. ಚೀನೀ ಪದ್ಧತಿಯ ರೋಜಾಕ್ ಹಣ್ಣು, ಸೌತೆಕಾಯಿ, ಕಡಲೆಕಾಯಿ ಪುಡಿ ಕಲಸಿದ ಸಲಾಡ್, ಅದರ ಕಪ್ಪು ಸಾಸ್ ಸಿಗಡಿಯದು. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್ ಹಾಕುತ್ತಾರೆ, ಅದು ಚಿಪ್ಪುಮೀನಿನದು. ಚಾರ್ ಕ್ವೇ ಟಿಯಾವ್ ಎಂಬ ನೂಡಲ್ಸನ್ನು ಹಂದಿ ಕೊಬ್ಬಿನಲ್ಲೇ ಹುರಿಯುವ ರೂಢಿ. ಲಕ್ಸಾ ಅನ್ನುವ ಖಾರದ ನೂಡಲ್ಸ್ ಸೂಪಿನ ಮಸಾಲೆಯಲ್ಲಿ ಒಣ ಸಿಗಡಿ ರುಬ್ಬಿರುತ್ತಾರೆ. ರೋಟಿ ಪ್ರಾಟಾ ನಮ್ಮ ಪರೋಟಾ ಹಾಗೇ ಕಾಣುತ್ತದೆ. ಆದರೆ ಕೆಲವರು ಹಿಟ್ಟಿಗೆ ಮೊಟ್ಟೆ ಸೇರಿಸುತ್ತಾರೆ, ಜೊತೆಗೆ ಬರುವ ಗೊಜ್ಜು ಮೀನಿನದ್ದೋ ಮಟನ್ನಿನದ್ದೋ ಆಗಿರಬಹುದು. ದಾಲ್ ಬೇಕು ಎಂದು ಬಾಯಿಬಿಟ್ಟು ಕೇಳಬೇಕು.

ಹಾಗಾಗಿ ಪ್ರತಿ ಪದಾರ್ಥದ ಹೆಸರು ಹಿಡಿದು ಕೇಳಿ. ಮೊಟ್ಟೆ ಇದೆಯಾ, ಮೀನು ಇದೆಯಾ, ಸಿಗಡಿ ಪೇಸ್ಟ್ ಇದೆಯಾ, ಆಯ್ಸ್ಟರ್ ಸಾಸ್ ಹಾಕಿದ್ದೀರಾ. ಸೊಸೆಗೆ ಹೇಳಿ ಒಂದು ಚೀಟಿಯಲ್ಲಿ ಇಂಗ್ಲಿಷ್ ಮತ್ತು ಚೀನೀ ಭಾಷೆ ಎರಡರಲ್ಲೂ ಬರೆಸಿಟ್ಟುಕೊಳ್ಳಿ. ವಯಸ್ಸಾದ ಅಂಗಡಿಯವರಿಗೆ ಅದು ಬಹಳ ಅನುಕೂಲ.

ಒಂದೇ ಬಾಣಲೆ ಅನ್ನುವ ನಿಮ್ಮ ಅನುಮಾನ ನಿಜ. ಸಾಮಾನ್ಯ ಅಂಗಡಿಯಲ್ಲಿ ಮಾಂಸ ಹಾಕಬೇಡಿ ಎಂದರೆ ಹಾಕುವುದಿಲ್ಲ, ಆದರೆ ಬಾಣಲೆ, ಸೌಟು, ಎಣ್ಣೆ ಎಲ್ಲ ಅವೇ. ಅದು ನಿಮಗೆ ಒಗ್ಗುವುದಿಲ್ಲ ಎಂದಾದರೆ ಅಂಥ ಕಡೆ ಹೋಗಲೇಬೇಡಿ, ಸುಮ್ನೆ ಮನಸ್ಸಿಗೆ ಕಿರಿಕಿರಿ. ಅನೇಕ ಹಾಕರ್ ಸೆಂಟರ್‌ಗಳಲ್ಲಿ ಚೀನೀ ಸಸ್ಯಾಹಾರಿ ಅಂಗಡಿ ಒಂದಾದರೂ ಇರುತ್ತದೆ. ಬೌದ್ಧರಿಗಾಗಿ ನಡೆಸುವ ಅಂಗಡಿಗಳು ಅವು. ಮಾಂಸ, ಮೀನು ಇಲ್ಲ, ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ವ್ರತ ಹಿಡಿಯುವ ನಮ್ಮವರಿಗೆ ಎಷ್ಟು ಅನುಕೂಲ ನೋಡಿ! ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿ ಜನ ಜಾಸ್ತಿ, ಅಡುಗೆಯೂ ತಾಜಾ. ಆದರೆ ಅಲ್ಲಿಗೆ ಮೊದಲ ಸಲ ಹೋದವರು ಬೆಚ್ಚಿಬೀಳುತ್ತಾರೆ. ಟ್ರೇಯಲ್ಲಿ ಬಾತುಕೋಳಿ, ಮೀನು, ಹಂದಿಮಾಂಸದಂತೆಯೇ ಕಾಣುವ ತುಂಡುಗಳಿರುತ್ತವೆ. ಗೋಧಿಯ ಅಂಟು, ಸೋಯಾ, ಅಣಬೆಯಲ್ಲಿ ಮಾಡಿದವು ಅವು. ಕೆಲವಕ್ಕೆ ಮೊಟ್ಟೆಯ ಬಿಳಿ ಸೇರಿಸಿರುತ್ತಾರೆ. ನೋಡಿ ಮನಸ್ಸು ಒಪ್ಪದಿದ್ದರೆ ತೋಫು (ಸೋಯಾ ಪನೀರ್), ಎಲೆಕೋಸು, ಸೊಪ್ಪು, ಬೀ ಹೂನ್ ಅನ್ನುವ ಅಕ್ಕಿ ಶಾವಿಗೆ ತೆಗೆದುಕೊಳ್ಳಿ. ಆ ಶಾವಿಗೆ ನಿಮಗೆ ಖಂಡಿತ ಹಿಡಿಸುತ್ತದೆ.

ನಮ್ಮ ರುಚಿಯೇ ಬೇಕು ಅನಿಸಿದ ದಿನ ಭಾರತೀಯ ಅಂಗಡಿಗಳೇ ತುಂಬಿರುವ ಲಿಟಲ್ ಇಂಡಿಯಾ ಬಡಾವಣೆಗೆ ಹೋಗಿ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲಾ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ 2013ರಲ್ಲಿ ಅಲ್ಲಿ ಬಾಗಿಲು ತೆರೆಯಿತು. ಸಸ್ಯಾಹಾರದ ಚಿಂತೆ ಅಲ್ಲಿ ಮುಗಿಯಿತು. ಆದರೆ ಹೊಟ್ಟೆಯ ಎಚ್ಚರ ಯಾವ ಸಸ್ಯಾಹಾರಿ ಹೋಟೆಲಿನಲ್ಲೂ ಬೇಕು. ದೋಸೆ, ಇಡ್ಲಿ, ಸಾಂಬಾರ್ ಬಿಸಿಯಾಗಿ ಬಂದರೆ ನಿರಾತಂಕ. ಕಾಯಿ ಚಟ್ನಿ ಹಸಿಯಾಗಿ ರುಬ್ಬಿದ್ದು, ಹೊರಗೆ ಇಟ್ಟರೆ ಬೇಗ ಹಳಸುತ್ತದೆ. ನಾಲಿಗೆಗೆ ಸ್ವಲ್ಪ ಹುಳಿ ಅನಿಸಿದರೂ ಪಕ್ಕಕ್ಕೆ ಸರಿಸಿ. ಕೂತು ತಿನ್ನುವ ರೆಸ್ಟೋರೆಂಟುಗಳಲ್ಲಿ ಬಿಲ್ಲಿಗೆ ಸಾಮಾನ್ಯವಾಗಿ 10 ಶೇಕಡ ಸರ್ವಿಸ್ ಚಾರ್ಜು, 9 ಶೇಕಡ ಜಿಎಸ್‌ಟಿ ಸೇರುತ್ತದೆ, ಮೆನುವಿನ ಬೆಲೆ ನೋಡಿ ಲೆಕ್ಕ ಹಾಕಿಕೊಂಡರೆ ತಪ್ಪುತ್ತೀರಿ.

ಮೀನು ತಿನ್ನುವ ಓದುಗರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2015ರಲ್ಲಿ ಸಿಂಗಾಪುರದಲ್ಲಿ ಹಸಿ ಸಿಹಿನೀರಿನ ಮೀನು ತಿಂದವರಿಗೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಗುಲಿ, ಕೆಲವರಿಗೆ ಮಿದುಳಿನ ಪೊರೆಗೂ ಹರಡಿತು. ಆ ವರ್ಷದ ಕೊನೆಗೆ ಅಂಥ ಹಸಿ ಮೀನು ಮಾರುವುದನ್ನು ಅಲ್ಲಿ ನಿಷೇಧಿಸಿದರು. ಲಕ್ಸಾದ ಮೇಲೆ ಅರೆಬೆಂದ ಕಾಕಲ್ ಹಾಕುತ್ತಾರೆ, ನಮ್ಮ ಕರಾವಳಿಯ ಮರುವಾಯಿಯ ಜಾತಿಯದು. ಚೆನ್ನಾಗಿ ಬೇಯದ ಚಿಪ್ಪುಮೀನಿನಿಂದ ಹೆಪಟೈಟಿಸ್ ಎ ಬರಬಹುದು. ಪೂರ್ತಿ ಬೇಯಿಸಿ ಕೊಡಿ ಅನ್ನಿ, ಇಲ್ಲದಿದ್ದರೆ ಬೇಡ ಅನ್ನಿ.

ಇನ್ನು ಅಜಿನೊಮೊಟೊ. ಇದರ ಮೇಲಿರುವಷ್ಟು ಅಪವಾದ ಬೇರೆ ಯಾವ ಪುಡಿಯ ಮೇಲೂ ಇಲ್ಲ. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ಗ್ಲುಟಮೇಟ್ ಇದರ ಮೂಲ. ಟೊಮ್ಯಾಟೊ, ಅಣಬೆ, ಚೀಸ್‌ಗಳಲ್ಲೂ ಗ್ಲುಟಮೇಟ್ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ವೈದ್ಯರೊಬ್ಬರು ಪತ್ರ ಬರೆದು, ಚೀನೀ ಹೋಟೆಲಿನಲ್ಲಿ ಊಟ ಮಾಡಿದರೆ ಕುತ್ತಿಗೆ ಜೋಮು ಹಿಡಿಯುತ್ತದೆ, ಇದು ಯಾಕಿರಬಹುದು ಎಂದು ಕೇಳಿದರು. ಭಯ ಹುಟ್ಟಿದ್ದು ಅಲ್ಲಿಂದ. ಆಮೇಲೆ ಬಹಳ ಪರೀಕ್ಷೆಗಳು ನಡೆದವು. ಊಟದಲ್ಲಿ ಬೆರೆಸುವ ಮಾಮೂಲಿ ಪ್ರಮಾಣದಿಂದ ಕಾಯಿಲೆ ಬರುತ್ತದೆ ಎಂದು ಅವು ತೋರಿಸಲಿಲ್ಲ. ಖಾಲಿ ಹೊಟ್ಟೆಯಲ್ಲಿ ಅದನ್ನೇ ಜಾಸ್ತಿ ತಿಂದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು ಬರಬಹುದು, ಅಷ್ಟೇ. ನಿಮಗೆ ಬೇಡವಾದರೆ ಹಾಕಬೇಡಿ ಎಂದು ಹೇಳಿ, ಅದು ನಿಮ್ಮ ಹಕ್ಕು. ಆದರೆ ಯಜಮಾನರ ಬಿಪಿಗೆ ಶತ್ರು ಬೇರೆಯೇ ಇದೆ.

ಅದು ಉಪ್ಪು. ಅಡುಗೆ ಉಪ್ಪಿನಲ್ಲಿ ಸೋಡಿಯಂ 39 ಶೇಕಡ, ಅಜಿನೊಮೊಟೊದಲ್ಲಿ ಸುಮಾರು 12 ಶೇಕಡ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ ದಾಟಬಾರದು ಅನ್ನುತ್ತದೆ. 2022ರ ಸಮೀಕ್ಷೆಯಲ್ಲಿ ಸಿಂಗಾಪುರದವರು ದಿನಕ್ಕೆ ಸರಾಸರಿ 3,620 ಮಿಲಿಗ್ರಾಂ ತಿನ್ನುತ್ತಿದ್ದರು. ಅದು ಸೇರುವುದು ಸೋಯಾ ಸಾಸ್, ನೂಡಲ್ಸ್ ಸೂಪು, ಗ್ರೇವಿಗಳಿಂದ. ಸೂಪಿನಲ್ಲಿರುವ ನೂಡಲ್ಸ್, ತರಕಾರಿ ತಿಂದು ಸೂಪನ್ನು ಬಟ್ಟಲಲ್ಲೇ ಬಿಡಲಿ. ಗ್ರೇವಿಯನ್ನು ಅನ್ನದ ಮೇಲೆ ಸುರಿಸದೆ ಬೇರೆ ಬಟ್ಟಲಲ್ಲಿ ಕೇಳಿ. ಇದೊಂದು ಅಭ್ಯಾಸ ಹಿಡಿದರೆ ಬಹಳ ವ್ಯತ್ಯಾಸ ಆಗುತ್ತದೆ.

ಶುಗರ್‌ಗೆ: ಅನ್ನ ಅಥವಾ ನೂಡಲ್ಸ್ ಅರ್ಧ ಕೇಳಿ, ತೋಫು, ಸೊಪ್ಪು ಎರಡು ಪಾಲು ಕೇಳಿ. ಕಾಫಿ, ಟೀಗೆ ಅಲ್ಲಿ ಸಿಹಿ ಕಂಡೆನ್ಸ್ಡ್ ಮಿಲ್ಕ್ ಹಾಕುತ್ತಾರೆ, ಬರೀ 'ಕೋಪಿ' ಅಂದರೆ ಸಕ್ಕರೆ ಪಾಕವೇ ಬರುತ್ತದೆ. ಸಿಹಿಯಿಲ್ಲದ ಹಾಲು ಹಾಕಿ, ಸಕ್ಕರೆ ಹಾಕದ್ದು ಬೇಕಿದ್ದರೆ 'ಕೋಪಿ ಸಿ ಕೊಸೊಂಗ್' ಅನ್ನಬೇಕು. ಹಾಲೂ ಬೇಡವಾದರೆ 'ಕೋಪಿ ಓ ಕೊಸೊಂಗ್'. ಟೀಗೆ ಕೋಪಿ ಬದಲು 'ತೇ'. ಯಜಮಾನರು ಇವಿಷ್ಟನ್ನು ಕಲಿತುಕೊಂಡರೆ ತಾವೇ ಹೋಗಿ ಕಾಫಿ ಕುಡಿದು ಬರಬಹುದು.

ಹೊರಡುವ ಮೊದಲು ಒಂದು ಕೆಲಸ ಮಾತ್ರ ಮರೆಯಬೇಡಿ. ನಿಮ್ಮ ಡಾಕ್ಟರ ಹತ್ತಿರ ಹೋಗಿ, ವಾಂತಿ-ಭೇದಿ ಆದರೆ ಯಜಮಾನರ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ಕೇಳಿ ಬರೆಸಿಕೊಳ್ಳಿ. ಮೈಯಲ್ಲಿ ನೀರು ಕಡಿಮೆಯಾದಾಗ ಕೆಲವು ಶುಗರ್ ಮತ್ತು ಬಿಪಿ ಮಾತ್ರೆಗಳು ಕಿಡ್ನಿಗೆ ತೊಂದರೆ ಕೊಡುತ್ತವೆ. ಇನ್ಸುಲಿನ್ ಇದ್ದರೆ ತಾವಾಗಿಯೇ ನಿಲ್ಲಿಸುವುದು ಅಷ್ಟೇ ಅಪಾಯ. ಇದನ್ನು ಅವರ ಡಾಕ್ಟರೇ ಹೇಳಬೇಕು. ಓಆರ್‌ಎಸ್ ಪೊಟ್ಟಣ ನಾಲ್ಕಾರು ಚೀಲಕ್ಕೆ ಹಾಕಿಕೊಳ್ಳಿ. ಹೊಟ್ಟೆ ಕೆಟ್ಟರೆ ಅದನ್ನೇ ಗುಟುಕು ಗುಟುಕಾಗಿ ಕುಡಿಯಬೇಕು. ಭೇದಿ ನಿಲ್ಲಿಸುವ ಮಾತ್ರೆ ಮೊಮ್ಮಗನಿಗೆ ಕೊಡಲೇಬೇಡಿ. ಉಳಿದ ಆ್ಯಂಟಿಬಯಾಟಿಕ್ ಇದೆ ಎಂದು ಯಾರೂ ನುಂಗಬೇಡಿ.

ಮಲದಲ್ಲಿ ರಕ್ತ ಕಂಡರೆ, ಜ್ವರ ಜೋರಾಗಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲಿ ಎಂದು ಕಾಯಬೇಡಿ, ಅವತ್ತೇ ಕ್ಲಿನಿಕ್ಕಿಗೆ ಹೋಗಿ. ಯಜಮಾನರು ಎಚ್ಚರ ತಪ್ಪುವಂತಾದರೆ 995ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಡಾಕ್ಟರಿಗೆ ಕೊನೆಯ ಊಟದ ಬಗ್ಗೆ ಮಾತ್ರ ಹೇಳಬೇಡಿ. ಹಿಂದಿನ ಎರಡು ಮೂರು ದಿನ ಎಲ್ಲಿ, ಏನು, ಎಷ್ಟು ಹೊತ್ತಿಗೆ ತಿಂದಿರಿ ಅನ್ನುವುದನ್ನೆಲ್ಲ ಹೇಳಿ, ಮನೆಯಿಂದ ಒಯ್ದ ಡಬ್ಬಿಯನ್ನೂ ಸೇರಿಸಿ.